ಆರು ಕೌಂಟಿಗಳ ಲೆಕ್ಕಾಚಾರ

ಬ್ರಿಟಿಷರು ಧರ್ಮದ ಹೆಸರಿನಲ್ಲಿ ನಾಡೊಂದನ್ನು ಸೀಳಿದ್ದು 1947ರಲ್ಲಿ ಮೊದಲ ಸಲವೇನಲ್ಲ. ಅದಕ್ಕೆ ಕಾಲು ಶತಮಾನ ಮುಂಚೆಯೇ, ತಮ್ಮ ಪಕ್ಕದ ಐರ್ಲೆಂಡಿನಲ್ಲಿ ಆ ಕೆಲಸ ಮಾಡಿ ಮುಗಿಸಿದ್ದರು. ಕ್ಯಾಥೊಲಿಕರೂ ಪ್ರಾಟೆಸ್ಟೆಂಟರೂ ಒಂದೇ ಆಡಳಿತದಡಿ ಬಾಳಲಾರರು, ಆದ್ದರಿಂದ ಬೇರ್ಪಡಿಸಬೇಕಾಯಿತು ಎಂಬ ಸಮಜಾಯಿಷಿ ಇಂದಿಗೂ ಕೇಳಿಬರುತ್ತದೆ. ಆದರೆ 1920ರ ಐರ್ಲೆಂಡ್ ಸರ್ಕಾರ ಕಾಯ್ದೆಯ ಗೆರೆಯನ್ನು ಜನಗಣತಿಯ ಪಕ್ಕದಲ್ಲಿಟ್ಟು ನೋಡಿದರೆ ಬೇರೆಯೇ ಕಥೆ. ಅಲ್‌ಸ್ಟರ್ ಪ್ರಾಂತ್ಯದಲ್ಲಿದ್ದದ್ದು ಒಂಬತ್ತು ಕೌಂಟಿ. ಒಂಬತ್ತನ್ನೂ ಸೇರಿಸಿಕೊಂಡರೆ ಪ್ರಾಟೆಸ್ಟೆಂಟರ ಪ್ರಮಾಣ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಒಂದು ಚುನಾವಣೆ ಏರುಪೇರಾದರೂ ಅಧಿಕಾರ ಕೈತಪ್ಪಬಹುದಿತ್ತು. ಹಾಗಾಗಿ ಡೊನಿಗಾಲ್, ಕ್ಯಾವನ್, ಮೊನಾಹನ್‌ಗಳನ್ನು ಬ್ರಿಟನ್ ಜತೆಗೇ ಉಳಿಯಬಯಸಿದ ಪ್ರಾಟೆಸ್ಟೆಂಟರ ಯೂನಿಯನಿಸ್ಟ್ ನಾಯಕರೇ, ಅಲ್ಲಿನ ತಮ್ಮವರ ಸಮೇತ, ಕೈಬಿಟ್ಟರು. ಉಳಿದ ಆರರಲ್ಲಿ ಮೂವರಲ್ಲಿ ಇಬ್ಬರು ತಮ್ಮವರು. ಆ ಆರರೊಳಗೂ ಟೈರೋನ್ ಮತ್ತು ಫರ್ಮಾನಾ ಕ್ಯಾಥೊಲಿಕ್ ಬಹುಮತದವು. ಧರ್ಮವೇ ಅಳತೆಗೋಲಾಗಿದ್ದರೆ ಅವು ಒಳಗೆ ಬರುವಂತಿರಲಿಲ್ಲ. ಅವನ್ನು ಬಿಟ್ಟರೆ ನಾಲ್ಕೇ ಕೌಂಟಿ, ಅಷ್ಟು ಪುಟ್ಟ ರಾಜ್ಯ ಬಾಳದು, ಬಿಡಲಿಲ್ಲ.

ಒಡಕನ್ನು ಲಂಡನ್ನೇ ಹುಟ್ಟಿಸಿತೆ ಎಂದು ಯಾರಾದರೂ ಕೇಳಿದರೆ, ಇಲ್ಲ ಎನ್ನಬೇಕಾಗುತ್ತದೆ. 1912ರಲ್ಲಿ ಐರ್ಲೆಂಡಿನ ಸ್ವಯಮಾಡಳಿತದ ವಿರುದ್ಧ ಸುಮಾರು ಐದು ಲಕ್ಷ ಜನ ಸಹಿ ಹಾಕಿದ್ದರು. 1914ರಲ್ಲಿ ಲಾರ್ನ್ ಬಂದರಿಗೆ ಸಾವಿರಾರು ಬಂದೂಕುಗಳು ಕದ್ದುಮುಚ್ಚಿ ಬಂದವು. ಯೂನಿಯನಿಸ್ಟರ ಭಯ ನಾಟಕವಲ್ಲ. ಆದರೆ ಆ ಭಯ ಬೆಲ್‌ಫಾಸ್ಟ್ ಸುತ್ತಮುತ್ತಲಿನ ನೆಲಕ್ಕೆ ರಕ್ಷಣೆ ಕೇಳಲು ಸಾಕೇ ಹೊರತು, ಡಬ್ಲಿನ್‌ಗೆ ನಿಷ್ಠೆ ಘೋಷಿಸಿದ ಟೈರೋನ್ ಕೌಂಟಿ ಸಭೆಯನ್ನು ವಿಸರ್ಜಿಸಲು ಸಾಲದು. ಜನರ ಅಭಿಪ್ರಾಯ ಕೇಳುವ ದಾರಿ ಆಗ ಗೊತ್ತಿರಲಿಲ್ಲವೆ? ಅದೇ 1920ರಲ್ಲಿ, ಬ್ರಿಟನ್ ಸಹಿ ಹಾಕಿದ್ದ ವರ್ಸೇಲ್ಸ್ ಒಪ್ಪಂದದಂತೆ, ಜರ್ಮನಿ-ಡೆನ್ಮಾರ್ಕ್ ನಡುವಿನ ಶ್ಲೆಸ್ವಿಗ್‌ನಲ್ಲಿ ಜನಮತ ಪಡೆದೇ ಗಡಿ ಹಾಕಲಾಯಿತು. ಇನ್ನು ವಿಭಜನೆಯಿಂದ ಶಾಂತಿ ಬಂತು ಎನ್ನುವವರು ಆ ಆರು ಕೌಂಟಿಗಳ ಉತ್ತರ ಐರ್ಲೆಂಡ್ 1922ರಲ್ಲೇ ಸ್ಥಳೀಯ ಚುನಾವಣೆಗಳ ಪ್ರಮಾಣಾನುಗುಣ ಪ್ರಾತಿನಿಧ್ಯವನ್ನು ಕಿತ್ತುಹಾಕಿದ್ದನ್ನೂ, ಕ್ಯಾಥೊಲಿಕರೇ ಹೆಚ್ಚಿದ್ದ ಡೆರಿ ನಗರದ ಆಡಳಿತ ವಾರ್ಡುಗಳ ಕೈಚಳಕದಿಂದ ದಶಕಗಳ ಕಾಲ ಯೂನಿಯನಿಸ್ಟರ ಬಳಿಯೇ ಉಳಿದದ್ದನ್ನೂ ವಿವರಿಸಬೇಕು. 1968ರ ಹಕ್ಕೊತ್ತಾಯದ ಮೆರವಣಿಗೆಗಳು ಆಕಾಶದಿಂದ ಇಳಿದು ಬಂದವಲ್ಲ.

ಗೆರೆ ತಪ್ಪಿದ್ದರೆ ತಿದ್ದಲು ಬ್ರಿಟನ್-ಐರ್ಲೆಂಡ್ ನಡುವಿನ 1921ರ ಒಪ್ಪಂದದಲ್ಲಿ ಗಡಿ ಆಯೋಗದ ಅವಕಾಶವಿತ್ತಲ್ಲ ಎಂಬುದೇ ವಿಭಜನೆಯ ಪರ ವಾದಗಳಲ್ಲಿ ಗಟ್ಟಿ. ನಿವಾಸಿಗಳ ಇಚ್ಛೆಯಂತೆ ಗಡಿ ಎಂದು ಹೇಳಿದ ಆ ಕಲಮು, ಆರ್ಥಿಕ ಮತ್ತು ಭೌಗೋಳಿಕ ಪರಿಸ್ಥಿತಿ ಒಪ್ಪುವ ಮಟ್ಟಿಗೆ ಎಂಬ ಬಾಲವನ್ನೂ ಅಂಟಿಸಿತ್ತು. (ರ‍್ಯಾಡ್‌ಕ್ಲಿಫ್‌ಗೆ 1947ರಲ್ಲಿ ಭಾರತ-ಪಾಕಿಸ್ತಾನದ ಗಡಿ ಎಳೆಯಲು ಕೊಟ್ಟ ಸೂಚನೆಯಲ್ಲೂ ಬಹುಸಂಖ್ಯೆಯ ಜತೆ 'ಇತರ ಅಂಶಗಳು' ಎಂಬ ಕಿಂಡಿ ಇದ್ದದ್ದು ನೆನಪಾಗದಿರದು.) ಆಯೋಗದ ಅಧ್ಯಕ್ಷರಾಗಿದ್ದ ನ್ಯಾಯಾಧೀಶ ರಿಚರ್ಡ್ ಫೀಥಮ್ ಆ ಬಾಲಕ್ಕೇ ಹೆಚ್ಚು ತೂಕ ಕೊಟ್ಟರು: ಅಲ್ಲಲ್ಲಿ ಅಂಚು ಸವರುವುದು ಬಿಟ್ಟರೆ ಹೆಚ್ಚಿನ ಬದಲಾವಣೆಯಿಲ್ಲ, ಬದಲಿಗೆ ಡೊನಿಗಾಲ್‌ನ ಒಂದಿಷ್ಟು ನೆಲ ಉತ್ತರಕ್ಕೇ ಸೇರಬೇಕು. 1925ರ ನವೆಂಬರಿನಲ್ಲಿ 'ಮಾರ್ನಿಂಗ್ ಪೋಸ್ಟ್' ಪತ್ರಿಕೆ ಇದನ್ನು ಬಯಲು ಮಾಡಿದಾಗ ಡಬ್ಲಿನ್ ಪ್ರತಿನಿಧಿ ಓಯಿನ್ ಮ್ಯಾಕ್‌ನೀಲ್ ರಾಜೀನಾಮೆ ಕೊಟ್ಟರು. ಲಂಡನ್, ಡಬ್ಲಿನ್, ಬೆಲ್‌ಫಾಸ್ಟ್‌ಗಳ ಮೂರೂ ಸರ್ಕಾರಗಳು ಸೇರಿ ವರದಿಯನ್ನು ಮುಚ್ಚಿಟ್ಟವು; ಅದು ಅಚ್ಚಾದದ್ದು 1969ರಲ್ಲಿ. ಡಿಸೆಂಬರ್ 3ರ ಒಪ್ಪಂದದಂತೆ ಗಡಿ ಇದ್ದಲ್ಲೇ ಉಳಿಯಿತು. ಅದಕ್ಕೆ ಪ್ರತಿಯಾಗಿ, ಬ್ರಿಟನ್ನಿನ ಸಾರ್ವಜನಿಕ ಸಾಲದಲ್ಲಿ ದಕ್ಷಿಣದ ಐರಿಷ್ ಸ್ವತಂತ್ರ ರಾಜ್ಯ ಹೊರಬೇಕಿದ್ದ ಪಾಲನ್ನು ಮನ್ನಾ ಮಾಡಲಾಯಿತು.