ಹೆಡ್‌ಲೈಟ್ ಡೂಮಿಗೆ ನೀರು ಹೊಕ್ಕರೆ ಗಾಜು ನೋಡಬೇಡಿ, ಹಿಂದಕ್ಕೆ ನೋಡಿ

ನಮ್ಮ ಕಡೆ ಹಿಂಗಾರು ಮಳೆಯೂ ಮೆಕ್ಕೆಜೋಳದ ಕಟಾವೂ ಒಟ್ಟಿಗೇ ಬರುತ್ತವೆ. ಟ್ರೈಲರ್ ತುಂಬಿಕೊಂಡು ಕೊಟ್ಟೂರು ಇಲ್ಲವೇ ಹರಪನಹಳ್ಳಿ ಎಪಿಎಂಸಿಗೆ ಹೊರಡೋದು ಹೆಚ್ಚಾಗಿ ಕತ್ತಲಲ್ಲೇ. ಆಗ ಹೆಡ್‌ಲೈಟ್ ಒಳಗೆ ಹನಿ ಕಟ್ಟಿದ್ದರೆ ಬೆಳಕು ರಸ್ತೆಗೆ ಬೀಳಲ್ಲ, ಚದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತೆ. ಅಂಚಿನಲ್ಲಿ ಹೊರಟ ಎತ್ತಿನ ಗಾಡಿ ತೀರಾ ಹತ್ತಿರ ಬರೋತನಕ ಕಾಣಲ್ಲ.

ಕೂಡ್ಲಿಗಿಯಿಂದ ಹಡಗಲಿಯವರೆಗೆ ಟ್ರ್ಯಾಕ್ಟರಿಗೂ ಪಿಕಪ್ಪಿಗೂ ಹೊರಗಿನ ಎಲ್‌ಇಡಿ ಹಾಕಿಸೋದು ಈಗ ಮಾಮೂಲು. ನಾನು ಬಿಚ್ಚಿ ನೋಡಿದ ಡೂಮ್‌ಗಳಲ್ಲಿ ಹೆಚ್ಚಿನವಕ್ಕೆ ನೀರು ಬಂದಿದ್ದು ಹಿಂದಿನಿಂದ. ಎಲ್‌ಇಡಿ ಬಲ್ಬಿನ ಬೆನ್ನಿಗೆ ಫ್ಯಾನ್ ಇರುತ್ತೆ. ಹಳೇ ರಬ್ಬರ್ ಕ್ಯಾಪ್ ಅದರ ಮೇಲೆ ಕೂರಲ್ಲ ಅಂತ ಕತ್ತರಿಸ್ತಾರೆ, ಇಲ್ಲಾ ತೆಗೆದೇ ಬಿಡ್ತಾರೆ. ಡೂಮಿನ ಹಿಂಬದಿಯ ಅಗಲ ಅಳೆದುಕೊಂಡು ಹೋಗಿ, ಆಳವಾದ ರಬ್ಬರ್ ಕ್ಯಾಪ್ ಕೇಳ್ರಿ. ಒಳಗೆ ಫ್ಯಾನಿಗೆ ಗಾಳಿ ಆಡುವಷ್ಟು ಜಾಗ ಉಳಿಯಬೇಕು.

ಸಣ್ಣ ಸಂದಿಯಿಂದ ಇಷ್ಟು ನೀರು ಹೆಂಗೆ ಬರುತ್ತೆ? ಲೈಟ್ ಉರಿದಾಗ ಒಳಗಿನ ಗಾಳಿ ಕಾದು ಹಿಗ್ಗಿ ಹೊರಗೆ ಹೋಗುತ್ತೆ. ತಣ್ಣೀರು ಬಿದ್ದ ಕೂಡಲೇ ಕುಗ್ಗಿ, ಸಂದಿಯಲ್ಲಿದ್ದ ನೀರನ್ನು ಒಳಕ್ಕೆ ಎಳೆಯುತ್ತೆ. ಕಾದ ಚೆಂಬನ್ನು ನೀರಲ್ಲಿ ಬೋರಲು ಹಾಕಿದಂಗೆ. ಅದಕ್ಕೇ ಕೆಲಸ ಮುಗಿಸಿ ಬಂದವರು ಅರ್ಧ ಗಂಟೆ ಬಿಟ್ಟು ತೊಳೀರಿ. ಪ್ರೆಷರ್ ಪೈಪನ್ನು ಡೂಮಿನ ಸಂದಿಗೆ ಹಿಡಿಯಲೇಬೇಡಿ. ಐಪಿ67 ಅಂತ ಬರೆದಿದ್ದರೆ 1 ಮೀಟರ್ ನೀರಲ್ಲಿ 30 ನಿಮಿಷ ತಡೆಯುತ್ತೆ ಅಂತ ಅರ್ಥ, ಜೋರು ಪಿಚಕಾರಿಗೆ ತಡೆಯುತ್ತೆ ಅಂತಲ್ಲ.

ಹ್ಯಾಲೊಜೆನ್ 55–60 ವ್ಯಾಟಿನದು, ಅದರ ಬಿಸಿಗೆ ಗಾಜಿನ ಮಂಜು ತಾನೇ ಆರುತ್ತಿತ್ತು. ಎಲ್‌ಇಡಿ ಬಿಸಿ ಹಿಂದಕ್ಕೆ ಹೋಗುತ್ತೆ, ಹಂಗಾಗಿ ಮುಂದೆ ಹಿಡಿದ ಮಂಜು ಬೇಗ ಆರಲ್ಲ. ಬೆಳಿಗ್ಗೆ ಕಂಡು ಮಧ್ಯಾಹ್ನಕ್ಕೆ ಹೋಗುವ ತೆಳು ಮಂಜಿಗೆ ಗಾಬರಿ ಬೇಡ. ಕೆಳಗೆ ನೀರು ನಿಂತರೆ ಮಾತ್ರ ಬಿಚ್ಚಬೇಕು.

ಹಡಗಲಿ ಕಡೆಯ ಹುಡುಗನೊಬ್ಬ ಕೇಳಿದ: "ಅಣ್ಣಾ, ಕೆಳಗೊಂದು ತೂತು ಹೊಡೀಲೇನು, ನೀರು ಸೋರಿ ಹೋಗ್ಲಿ?" ಬ್ಯಾಡ ತಮ್ಮಾ ಅಂದೆ. ಆ ತೂತಲ್ಲೇ ಧೂಳು ಹೋಗುತ್ತೆ. ಕೂಡ್ಲಿಗಿಯ ಕೆಂಪು ಮಣ್ಣು ಒಳಗೆ ತೇವಕ್ಕೆ ಅಂಟಿದರೆ ಮುಗೀತು. ಹಂಗಂತ ಕಂಪನಿಯವರೇ ಬಿಟ್ಟ ಉಸಿರಾಡೋ ತೂತನ್ನು ಗಮ್ ಹಾಕಿ ಮುಚ್ಚಬೇಡಿ.

ಸೋರಿಕೆ ಹುಡುಕೋಕೆ ಪಂಚರ್ ಅಂಗಡಿಯ ಉಪಾಯ ಸಾಕು. ಬಲ್ಬ್ ತೆಗೆದು, ಆ ಬಾಯಿಗೆ ಸಣ್ಣ ಪೈಪ್ ಇಟ್ಟು ಸುತ್ತ ಬಟ್ಟೆ ತುರುಕಿ, ಉಸಿರಾಡೋ ತೂತಿಗೆ ಬೆರಳು ಒತ್ತಿ, ಅಂಚಿಗೆಲ್ಲ ಸೋಪಿನ ನೀರು ಹಚ್ಚಿ ಬಾಯಿಂದ ಮೆಲ್ಲಗೆ ಊದಿ. ಗುಳ್ಳೆ ಎದ್ದ ಕಡೆ ಗುರುತು ಹಾಕಿ. ಕಂಪ್ರೆಸರ್ ಹಿಡಿದರೆ ಇದ್ದ ಅಂಟೂ ಬಿಡುತ್ತೆ.

ಗಮ್ ಹಚ್ಚೋ ಮುಂಚೆ ಡೂಮ್ ಪೂರ್ತಿ ಒಣಗಬೇಕು, ಬಾಯಿ ಕೆಳಗೆ ಮಾಡಿ ಇಡಿ. ರಿಫ್ಲೆಕ್ಟರನ್ನು ಬಟ್ಟೆಯಿಂದ ಒರೆಸಬೇಡಿ, ಹೊಳಪಿನ ಪದರ ಎದ್ದು ಬರುತ್ತೆ. ಸಿಲಿಕಾನ್ ಗಮ್ ಕೊಳ್ಳುವಾಗ ನ್ಯೂಟ್ರಲ್ ಅಂತ ಬರೆದದ್ದೇ ಇರಲಿ. ವಿನೆಗರ್ ವಾಸನೆ ಬರುವ ಗಮ್ ಆರುವಾಗ ಆಸಿಡ್ ಬಿಟ್ಟು ವೈರಿನ ತಾಮ್ರವನ್ನೂ ರಿಫ್ಲೆಕ್ಟರನ್ನೂ ತಿನ್ನುತ್ತೆ. ಹಚ್ಚಿದ ಮೇಲೆ ಒಂದು ದಿನ ಮುಟ್ಟಬೇಡಿ.

ವೈರ್ ಡೂಮಿಗೆ ಸೇರುವ ಮುಂಚೆ ಸ್ವಲ್ಪ ಜೋಲು ಬಿಡಿ. ಮೇಲಿಂದ ಹರಿದ ನೀರು ಅಲ್ಲೇ ತೊಟ್ಟಿಕ್ಕುತ್ತೆ. ಬರೀ ಟೇಪು ಸುತ್ತಿದ ಜಾಯಿಂಟ್ ಇದ್ದರೆ ನೀರು ತಾಮ್ರದ ಎಳೆಗಳ ನಡುವೆ ಏರಿ ಒಳಗೆ ಬರುತ್ತೆ, ಬತ್ತಿಗೆ ಎಣ್ಣೆ ಏರಿದಂಗೆ. ಸಾಕೆಟ್ಟಿಗೆ ಸಿಲಿಕಾನ್ ಗ್ರೀಸ್ ಹಚ್ಚಿ.

ರಿಫ್ಲೆಕ್ಟರ್ ಆಗಲೇ ಕಪ್ಪಾಗಿದ್ದರೆ ಗಮ್ಮಿಗೆ ದುಡ್ಡು ಹಾಕಬೇಡಿ, ಡೂಮನ್ನೇ ಬದಲಿಸಿ. ಹೊಸದಕ್ಕೆ ವಾರಂಟಿ ಇದ್ದರೆ ಬಿಚ್ಚೋಕೆ ಮುಂಚೆ ಮೊಬೈಲಲ್ಲಿ ವಿಡಿಯೊ ಮಾಡಿ, ಬಿಲ್ ಜೊತೆ ಅಂಗಡಿಗೆ ಒಯ್ಯಿರಿ. ಅಂಟು ಕಿತ್ತ ಡೂಮನ್ನು ಸಾಮಾನ್ಯವಾಗಿ ವಾಪಸ್ ತಗೊಳ್ಳಲ್ಲ.