ಹಳೆಯ ಬ್ಯಾಟರಿ ಎಲ್ಲಿಗೆ ಹೋಗುತ್ತದೆ?

ಪೆನ್ಸಿಲನ್ನು ಸೀಸದ ಕಡ್ಡಿ ಎನ್ನುವುದು ಕನ್ನಡದಲ್ಲಿ ಬಹುಕಾಲದ ರೂಢಿ. ಆದರೆ ಅದರಲ್ಲಿರುವುದು ಸೀಸವಲ್ಲ, ಗ್ರಾಫೈಟ್ ಎಂಬ ಇಂಗಾಲದ ಒಂದು ರೂಪ. ನಿಜವಾದ ಸೀಸ ನಮ್ಮ ಮನೆಗಳನ್ನು ಹೊಕ್ಕಿರುವುದು ಬೇರೆ ಹೆಸರಿನಲ್ಲಿ. ಅದೇ ಬ್ಯಾಟರಿ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳಲ್ಲಿ ಅದು ಅಪರೂಪದ ವಸ್ತುವೇನೂ ಅಲ್ಲ. ಟ್ರ್ಯಾಕ್ಟರು, ಆಟೋರಿಕ್ಷಾ, ಮನೆಯ ಇನ್ವರ್ಟರು, ಕಾಡಂಚಿನಲ್ಲಿ ಆನೆಯನ್ನು ತಡೆಯುವ ಸೌರಬೇಲಿ ಇವೆಲ್ಲಕ್ಕೂ ಅದು ಬೇಕು. ಕಾರಿನ ಒಂದು ಬ್ಯಾಟರಿಯಲ್ಲಿ ಸುಮಾರು 8ರಿಂದ 10 ಕಿಲೋಗ್ರಾಂ ಸೀಸವಿರುತ್ತದೆ. ಕೆಲವು ವರ್ಷಗಳಲ್ಲಿ ಅದರ ಕಸುವು ತೀರುತ್ತದೆ. ಸೀಸದ ಬೆಲೆ ಮಾತ್ರ ತೀರುವುದಿಲ್ಲ. 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಈ ಲೋಹವನ್ನು ಎಷ್ಟು ಬಾರಿಯಾದರೂ ಕರಗಿಸಿ ಮತ್ತೆ ಬಳಸಬಹುದು.

ಈ ಗುಣವೇ ಅಪಾಯಕ್ಕೂ ದಾರಿ. ಕ್ರಮಬದ್ಧ ಕಾರ್ಖಾನೆಯಲ್ಲಿ ಯಂತ್ರ ಬ್ಯಾಟರಿಯನ್ನು ಒಡೆಯುತ್ತದೆ, ಆಮ್ಲವನ್ನು ಶಮನಗೊಳಿಸುತ್ತಾರೆ, ಹೊಗೆಯನ್ನು ಸೋಸುತ್ತಾರೆ. ಕದ್ದುಮುಚ್ಚಿ ನಡೆಯುವ ಕುಲುಮೆಯಲ್ಲಿ ಕೊಡಲಿಯೇ ಯಂತ್ರ. ಸೀಸದ ಕಣಗಳು ಬೆರೆತ ಗಂಧಕಾಮ್ಲ ನೆಲಕ್ಕೆ ಹರಿಯುತ್ತದೆ. ಫಲಕಗಳು ಇದ್ದಿಲ ಬೆಂಕಿಯಲ್ಲಿ ಕರಗುತ್ತವೆ. ಹೊಗೆ ತಣಿದು ನುಣ್ಣನೆಯ ಧೂಳಾಗಿ ಸುತ್ತಲಿನ ಅಂಗಳ, ಬಾವಿ, ಸೊಪ್ಪಿನ ಮಡಿಗಳ ಮೇಲೆ ಇಳಿಯುತ್ತದೆ. ಅಲ್ಲಿ ದುಡಿಯುವವನು ಬಟ್ಟೆಗಂಟಿದ ಧೂಳನ್ನು ತನಗರಿವಿಲ್ಲದೆ ಮನೆಗೂ ಒಯ್ಯುತ್ತಾನೆ. ಮೇಲ್ಮಣ್ಣನ್ನು ಸೇರಿದ ಸೀಸ ಕೊಳೆಯುವುದಿಲ್ಲ. ಕುಲುಮೆ ಮುಚ್ಚಿ ತಲೆಮಾರುಗಳು ಕಳೆದರೂ ಅಲ್ಲಿಯೇ ಇರುತ್ತದೆ.

ದೇಹವು ಸೀಸವನ್ನು ಸುಣ್ಣದ ಅಂಶವೆಂದು ಭ್ರಮಿಸಿ ಮೂಳೆಯಲ್ಲಿ ಕೂಡಿಡುತ್ತದೆ. ಗರ್ಭಿಣಿಯ ಮೂಳೆಯಿಂದ ಅದು ಶಿಶುವನ್ನೂ ತಲುಪಬಲ್ಲದು. ದೊಡ್ಡವರಲ್ಲಿ ರಕ್ತಹೀನತೆ, ಹೊಟ್ಟೆನೋವು, ರಕ್ತದೊತ್ತಡ, ಮೂತ್ರಪಿಂಡದ ರೋಗ ಕಾಣಿಸಿಕೊಳ್ಳುತ್ತವೆ. ನುಂಗಿದ ಸೀಸವನ್ನು ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಮಗುವಿನ ಕಲಿಯುವ ಶಕ್ತಿ ಕುಗ್ಗಿದಾಗ ನಾವು ದಡ್ಡತನವೆಂದು ಗದರಿಸುತ್ತೇವೆಯೇ ಹೊರತು ರಕ್ತಪರೀಕ್ಷೆ ಮಾಡಿಸುವುದಿಲ್ಲ. ಔಷಧದಿಂದ ರಕ್ತದ ಸೀಸವನ್ನು ಇಳಿಸಬಹುದು. ಕಳೆದುಹೋದ ಬುದ್ಧಿಶಕ್ತಿಯನ್ನು ತಂದುಕೊಡಲಾಗದು.

ಸೆನೆಗಲ್ ದೇಶದ ಡಕಾರ್ ನಗರದ ಅಂಚಿನಲ್ಲಿ, ಬ್ಯಾಟರಿಯ ಸೀಸ ಬೆರೆತ ಮಣ್ಣಿನ ನಡುವೆ ಬದುಕುತ್ತಿದ್ದ 18 ಮಕ್ಕಳು 2007-08ರಲ್ಲಿ ಸತ್ತರು. ನಮ್ಮಲ್ಲಿ ಈ ವಿಷದ ಬಗ್ಗೆ ದೇಶವನ್ನು ಎಚ್ಚರಿಸಿದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಜ್ಞಾನಿ ತುಪ್ಪಿಲ್ ವೆಂಕಟೇಶ್ ಪ್ರಮುಖರು. 2000ದ ಫೆಬ್ರವರಿಯಲ್ಲಿ ದೇಶದ ಪೆಟ್ರೋಲಿನಿಂದ ಸೀಸ ತೊಲಗಿತು. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಬ್ಯಾಟರಿಗೂ ಕಾನೂನಿದೆ. 2001ರ ನಿಯಮಗಳು ಹಳೆಯದನ್ನು ಮರಳಿ ಪಡೆಯುವ ಹೊಣೆಯನ್ನು ಮಾರುವವರ ಮೇಲೆ ಹೊರಿಸಿದವು. 2022ರ ನಿಯಮಗಳು ತಯಾರಕರನ್ನು ಮತ್ತಷ್ಟು ಬಿಗಿಯಾಗಿ ಹೊಣೆಗಾರರನ್ನಾಗಿಸಿವೆ. ಆದರೂ ಗುಜರಿಯ ತಕ್ಕಡಿ ಕೆಲವೊಮ್ಮೆ ಅಂಗಡಿಗಿಂತ ಹೆಚ್ಚು ಬೆಲೆ ಕಟ್ಟುವುದೇಕೆ? ಹೊಗೆ ಸೋಸುವ, ಆಮ್ಲ ಶಮನಗೊಳಿಸುವ ಖರ್ಚು ಕಳ್ಳ ಕುಲುಮೆಗಿಲ್ಲ. ಆ ಖರ್ಚನ್ನು ತೆರುವವರು ಅಲ್ಲಿ ದುಡಿಯುವ ಬಡವರು ಮತ್ತು ಅವರ ಮಕ್ಕಳು. ಕುಲುಮೆ ನಮ್ಮ ತಾಲ್ಲೂಕಿನಲ್ಲೇ ಇರಬೇಕೆಂದಿಲ್ಲ. ಅದಕ್ಕೆ ಸರಕು ಹೊರಡುವುದು ನಮ್ಮ ಮನೆಬಾಗಿಲಿನಿಂದಲೂ ಆಗಬಹುದು. ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಅದೇ ಅಂಗಡಿಗೆ ಒಪ್ಪಿಸಿ ರಸೀದಿ ಪಡೆಯುವುದು ನಮ್ಮಿಂದ ಆಗದ ಕೆಲಸವೇನಲ್ಲ.