ಅಮಾನತ್ ಹೊತ್ತ ಲಾಂಡ್ರಿ ಕೆಲಸಗಾರ್ತಿ

ಕಳೆದ ಜುಮಾದ ಖುತ್ಬಾದಲ್ಲಿ ಅಮಾನತ್ ಬಗ್ಗೆ ಹೇಳಿದ್ದೆ. ಸೂರಾ ಅನ್ನಿಸಾದ 58ನೇ ಆಯತ್ ಅದಕ್ಕೆ ಆಧಾರ. ನಮಾಜ್ ಮುಗಿದ ಮೇಲೆ ದುಬಾರೆ ಕಡೆಯ ತೋಟದಲ್ಲಿ ದುಡಿಯುವ ಸಹೋದರರೊಬ್ಬರು ಕೇಳಿದರು: "ಉಸ್ತಾದರೇ, ಲೈನ್‌ಮನೆಯಲ್ಲಿರುವ ನಮಗೆ ಪಂಚಾಯಿತಿ ಮೆಂಬರ್‌ಗಿರಿ ಯಾಕೆ? ಅದೆಲ್ಲ ತೋಟ ಇದ್ದವರಿಗೆ."

ಈ ಮಾತು ಹಳೆಯದು. 1924ರಲ್ಲಿ ಕೊಡಗಿಗೆ ಶಾಸನ ಪರಿಷತ್ತು ಬಂತು. 20 ಸ್ಥಾನಗಳಲ್ಲಿ 15ಕ್ಕೆ ಚುನಾವಣೆ ನಡೆದರೂ ಮತ ಹಾಕುವ ಹಕ್ಕು ಆಸ್ತಿ ಇದ್ದವರಿಗೆ ಮಾತ್ರ. ಆದರೆ ಅದೇ ಕಾಲದಲ್ಲಿ, ನಮ್ಮನ್ನು ಆಳುತ್ತಿದ್ದವರ ಲಂಡನ್ನಿನಲ್ಲೇ ಒಬ್ಬ ದುಡಿಯುವ ಹೆಂಗಸು ಪುರಸಭೆಯಲ್ಲಿ ಕುಳಿತಿದ್ದರು. ಅವರ ಕಥೆಯನ್ನೇ ಆ ಸಹೋದರರಿಗೆ ಹೇಳಿದೆ.

ನೆಲ್ಲಿ ಕ್ರೆಸಾಲ್ ಹುಟ್ಟಿದ್ದು 1882ರಲ್ಲಿ. ಲಾಂಡ್ರಿಯಲ್ಲಿ ದುಡಿದವರು, ಹೆಂಗಸರ ಮತದ ಹಕ್ಕಿಗಾಗಿ ಹೋರಾಡಿದವರು. ಲಂಡನ್ನಿನ ಹಡಗುಕಟ್ಟೆಗಳ ಬಳಿ ಪೋಪ್ಲರ್ ಎಂಬ ಬಡವರ ಪ್ರದೇಶ. 1919ರಲ್ಲಿ ಅಲ್ಲಿನ ಪುರಸಭೆಯ 42 ಸ್ಥಾನಗಳಲ್ಲಿ 39 ಕಾರ್ಮಿಕ ಪಕ್ಷಕ್ಕೆ ಬಂದವು. ನೆಲ್ಲಿ, ಅವರ ಗಂಡ ಜಾರ್ಜ್ ಇಬ್ಬರೂ ಸದಸ್ಯರಾಗಿದ್ದರು. ಈ ಪುರಸಭೆ ತನ್ನ ಕೆಲಸಗಾರರಿಗೆ ವಾರಕ್ಕೆ ಕನಿಷ್ಠ 4 ಪೌಂಡ್ ನಿಗದಿ ಮಾಡಿತು. ಹೆಣ್ಣಿಗೂ ಗಂಡಿಗೂ ಒಂದೇ ಕೂಲಿ.

ಜಗಳ ಬಂದದ್ದು ತೆರಿಗೆಯಲ್ಲಿ. ಆಗ ಪ್ರತಿ ಪ್ರದೇಶವೂ ತನ್ನ ಬಡವರ ಖರ್ಚನ್ನು ತಾನೇ ಹೊರಬೇಕಿತ್ತು. ಪೋಪ್ಲರ್‌ನಲ್ಲಿ ಕೆಲಸವಿಲ್ಲದವರು ಹೆಚ್ಚು, ಮನೆಗಳ ಬೆಲೆ ಕಡಿಮೆ. ಅದೇ ದರದಲ್ಲಿ ತೆರಿಗೆ ಹಾಕಿದರೂ ಶ್ರೀಮಂತರ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಬರುವುದರ ಸಣ್ಣ ಪಾಲು ಇಲ್ಲಿ ಬರುತ್ತಿತ್ತು. ಇದರ ಮೇಲೆ ಲಂಡನ್ ಕೌಂಟಿ, ಪೊಲೀಸ್ ಮುಂತಾದವರ ಪಾಲನ್ನೂ ವಸೂಲು ಮಾಡಿಕೊಡಬೇಕು. ನಿಸಾಬ್ ಮುಟ್ಟದವನ ಮೇಲೆ ಜಕಾತ್ ಇಲ್ಲವೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಅಲ್ಲಿ ಬಡವನ ಹೊರೆಯನ್ನು ಬಡವನೇ ಹೊರುವ ಲೆಕ್ಕವಿತ್ತು.

1921ರಲ್ಲಿ ಸದಸ್ಯರು ಆ ಹೊರಗಿನ ಪಾಲನ್ನು ವಸೂಲು ಮಾಡುವುದಿಲ್ಲ ಎಂದರು. ಕೋರ್ಟು ಆಜ್ಞೆ ಮಾಡಿತು, ಅವರು ಬಗ್ಗಲಿಲ್ಲ. ಸೆಪ್ಟೆಂಬರ್‌ನಲ್ಲಿ 30 ಮಂದಿ ಜೈಲಿಗೆ ಹೋದರು, 25 ಗಂಡಸರು ಬ್ರಿಕ್ಸ್‌ಟನ್‌ಗೆ, 5 ಹೆಂಗಸರು ಹಾಲೊವೇಗೆ. ನೆಲ್ಲಿ ಆಗ ಗರ್ಭಿಣಿ. ಪುರಸಭೆಯ ಸಭೆಗಳು ಬ್ರಿಕ್ಸ್‌ಟನ್ ಜೈಲಿನೊಳಗೇ ನಡೆದವು, ಹೆಂಗಸರನ್ನು ಹಾಲೊವೇಯಿಂದ ಅಲ್ಲಿಗೆ ಕರೆತರುತ್ತಿದ್ದರು! ನೆಲ್ಲಿಯನ್ನು ಮೊದಲೇ ಬಿಟ್ಟರು. ಉಳಿದವರು ಹೊರಬಂದದ್ದು ಅಕ್ಟೋಬರ್ 12ರಂದು. ಅದೇ ವರ್ಷ ಬಡವರ ಪರಿಹಾರದ ಖರ್ಚನ್ನು ಇಡೀ ಲಂಡನ್ ಹಂಚಿಕೊಳ್ಳುವ ಕಾನೂನು ಬಂತು. ಜೊತೆಯಲ್ಲಿ ಜೈಲಿಗೆ ಹೋಗಿದ್ದ ಮಿನ್ನಿ ಲ್ಯಾನ್ಸ್‌ಬರಿ 1922ರ ಜನವರಿ 1ರಂದು ತೀರಿಕೊಂಡರು. ವಯಸ್ಸು 32.

ಕೋರ್ಟಿನ ಮಾತು ಮೀರಬಹುದೇ ಎಂದು ಪಕ್ಕದಲ್ಲಿದ್ದ ಹುಡುಗನೊಬ್ಬ ಕೇಳಿದ. ತೆರಿಗೆ ಕಟ್ಟಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಅವರು ಗುಟ್ಟಾಗಿ ಏನೂ ಮಾಡಲಿಲ್ಲ, ಶಿಕ್ಷೆಗೆ ಹೆದರಿ ಓಡಿಹೋಗಲಿಲ್ಲ. ತಮಗೆ ಮತ ಹಾಕಿದವರ ಅಮಾನತ್ ಅವರ ಕೈಯಲ್ಲಿತ್ತು. ನೆಲ್ಲಿ 1943ರಲ್ಲಿ ಅದೇ ಪೋಪ್ಲರ್‌ನ ಮೇಯರ್ ಆದರು.

ಇನ್ನು ಆ ಸಹೋದರರ ಪ್ರಶ್ನೆ. ನಂಜರಾಯಪಟ್ಟಣವಿರಲಿ, ಬೇರೆ ಪಂಚಾಯಿತಿಯಿರಲಿ, ಚುನಾವಣೆಗೆ ನಿಲ್ಲುವವರಿಗೆ 21 ವರ್ಷ ತುಂಬಿರಬೇಕು, ಅಲ್ಲಿನ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ತೋಟದ ಪಹಣಿ ಯಾರೂ ಕೇಳುವುದಿಲ್ಲ. ತೋಟದಿಂದ ತೋಟಕ್ಕೆ ಹೋಗುವ ಲೈನ್‌ಮನೆಯವರ ಹೆಸರು ಬಿಟ್ಟುಹೋಗುವುದು ಈ ಪಟ್ಟಿಯಲ್ಲೇ. ಅದನ್ನು ಈ ತಿಂಗಳೇ ನೋಡಿಕೊಳ್ಳಿ ಎಂದೆ.